ಬಾಡಿಗೆಯ ಮನೆಯ ಲೆಕ್ಕ

ಹಣವೆಂದರೆ ಕಣ್ಣಿಗೆ ಕಾಣಬೇಕು, ಕೈಗೆ ಸಿಕ್ಕಬೇಕು ಎಂಬ ಭಾವನೆ ನಮ್ಮ ಜನರಲ್ಲಿ ಬಹು ಬಲವಾಗಿದೆ. ಬ್ಯಾಂಕಿನ ಪುಸ್ತಕದಲ್ಲಿರುವ ಅಂಕಿಯು ಮನಸ್ಸಿಗೆ ಕೊಡದ ಧೈರ್ಯವನ್ನು ನಾಲ್ಕು ಗೋಡೆ, ಒಂದು ತಾರಸಿ, ಬಾಗಿಲಿಗೊಂದು ಬೀಗ ಕೊಡುತ್ತವೆ. ಆದುದರಿಂದಲೇ ಸಂಬಳದಲ್ಲಿ ನಾಲ್ಕು ಕಾಸು ಉಳಿಯಿತೆಂದರೆ, ಇಲ್ಲವೆ ನಿವೃತ್ತಿಯ ಇಡುಗಂಟು ಕೈಸೇರಿತೆಂದರೆ, ಪಟ್ಟಣದ ವಿದ್ಯಾವಂತ ಗೃಹಸ್ಥನ ಮನಸ್ಸಿನಲ್ಲಿ ಮೊದಲು ಏಳುವ ಯೋಚನೆ ಒಂದೇ: ಇನ್ನೊಂದು ಮನೆಯನ್ನು ಕೊಂಡು ಬಾಡಿಗೆಗೆ ಬಿಡುವುದು. ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸುವ ನಮ್ಮಂಥವರನ್ನು ಈ ವಿಷಯದಲ್ಲಿ ಪ್ರಶ್ನಿಸುವವರು ವಿದ್ಯಾರ್ಥಿಗಳಿಗಿಂತ ಅವರ ತಂದೆತಾಯಿಗಳೇ ಹೆಚ್ಚು. ಅವರು ಪ್ರಶ್ನೆಯ ಜತೆಗೆ ಉತ್ತರವನ್ನೂ ತಂದಿರುತ್ತಾರೆ: "ಸಾಲವನ್ನು ಬಾಡಿಗೆಯೇ ತೀರಿಸಿಬಿಡುವುದಲ್ಲವೆ?" ಈ ಒಂದು ಮಾತನ್ನು ಲೆಕ್ಕದ ತಕ್ಕಡಿಯಲ್ಲಿಟ್ಟು ತೂಗುವುದೇ ಈ ಹೊತ್ತಿನ ನಮ್ಮ ಉದ್ದೇಶ.

ಬಾಡಿಗೆಗಾಗಿ ಮನೆ ಕಟ್ಟುವುದು ನಮ್ಮಲ್ಲಿ ಹೊಸ ಪದ್ಧತಿಯೇನೂ ಅಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಮೈಸೂರಿನಲ್ಲಿ 1903ರಲ್ಲಿ ನಗರದ ಅಭಿವೃದ್ಧಿಗೆಂದೇ ಒಂದು ಮಂಡಲಿ ಏರ್ಪಟ್ಟಿತು. ಇಂತಹ ಬಡಾವಣೆಗಳಲ್ಲಿ ನಿವೇಶನ ಪಡೆದ ಗೃಹಸ್ಥನು ತನ್ನ ಮನೆಯನ್ನು ಕಟ್ಟಿಕೊಂಡ ಮೇಲೆ, ಹಿತ್ತಲಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ ಎಬ್ಬಿಸಿ ಬಾಡಿಗೆಗೆ ಬಿಡುತ್ತಿದ್ದನು. ಸ್ವಲ್ಪ ಅನುಕೂಲಸ್ಥನು ಒಂದು ವಠಾರವನ್ನೇ ಕಟ್ಟಿಸುತ್ತಿದ್ದನು. ಆ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವುಂಟು. ನೆಲ ಆಗಲೇ ಸ್ವಂತದ್ದು. ಕಟ್ಟಲು ಹಾಕಿದ ಹಣ ಬಹುಮಟ್ಟಿಗೆ ಕೂಡಿಟ್ಟದ್ದು. ಬಾಡಿಗೆ ಬಂದರೆ ಸಂತೋಷ, ಎರಡು ತಿಂಗಳು ಬಾರದಿದ್ದರೆ ಮನೆಯ ಒಲೆ ಆರುತ್ತಿರಲಿಲ್ಲ. ಬಾಡಿಗೆಯು ಊಟದ ಎಲೆಯಲ್ಲಿ ಉಪ್ಪಿನಕಾಯಿಯಾಗಿತ್ತು. ಇಂದು ಸಾಲ ಮಾಡಿ ಎರಡನೆಯ ಮನೆ ಕೊಳ್ಳುವವನು ಅದನ್ನೇ ಅನ್ನವೆಂದು ನಂಬಿ ಎಲೆ ಹಾಕಿಕೊಳ್ಳುತ್ತಿದ್ದಾನೆ. ಹಿಂದಿನವರು ಬಾಡಿಗೆಯ ಮನೆಯಿಂದ ಕೆಡಲಿಲ್ಲವಾದುದರಿಂದ ನಾವೂ ಕೆಡುವುದಿಲ್ಲವೆಂಬ ತರ್ಕವು ಈ ಭೇದವನ್ನು ಮರೆತ ತರ್ಕ.

ಇನ್ನು ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿ ಬೆಲೆಯ ಒಂದು ಫ್ಲ್ಯಾಟು ಇದೆಯೆಂದೂ, ಅದಕ್ಕೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಬರುವುದೆಂದೂ ಇಟ್ಟುಕೊಳ್ಳೋಣ. ಇವು ಉದಾಹರಣೆಯ ಅಂಕಿಗಳು. ಕೇಳುವವರು ತಮ್ಮ ತಮ್ಮ ಅಂಕಿಗಳನ್ನು ಈ ಸ್ಥಾನದಲ್ಲಿ ಹಾಕಿಕೊಳ್ಳಬಹುದು. ವರ್ಷಕ್ಕೆ ಬಾಡಿಗೆ 2,40,000. 60 ಲಕ್ಷಕ್ಕೆ ನೂರಕ್ಕೆ 4ರಂತೆ ಉತ್ಪತ್ತಿಯಾಯಿತು. ಮಧ್ಯವರ್ತಿಯು ಹೇಳುವುದು ಈ ಅಂಕಿಯನ್ನೇ. ಆದರೆ ಕೊಳ್ಳುವವನು ತೆರುವುದು 60 ಲಕ್ಷವಷ್ಟೇ ಅಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ ತಿಂಗಳ ಕೊನೆಯಲ್ಲಿ ನೋಂದಣಿ ಶುಲ್ಕವು ನೂರಕ್ಕೆ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಕರಗಳು ಸೇರಿ ಇಂತಹ ಮನೆಗೆ ಸುಮಾರು ನಾಲ್ಕೂವರೆ ಲಕ್ಷ ಬೀಳುತ್ತದೆ. ಫ್ಯಾನು, ದೀಪ, ಅಡಿಗೆಮನೆಯ ಕಪಾಟು ಇತ್ಯಾದಿಗೆ ಅರ್ಧ ಲಕ್ಷ ಸೇರಿಸಿದರೆ, ಹಾಕಿದ ಬಂಡವಾಳ 65 ಲಕ್ಷ.

ಇನ್ನು ಬಂದ ಬಾಡಿಗೆಯಲ್ಲಿ ಕಳೆಯಬೇಕಾದುವು. ವರ್ಷಕ್ಕೆ ಸರಾಸರಿ ಒಂದು ತಿಂಗಳು ಮನೆ ಖಾಲಿ ಬಿದ್ದಿತೆಂದರೆ 20,000. ಮನೆ ಕಂದಾಯ 6,000. ಸುಣ್ಣಬಣ್ಣ, ನಲ್ಲಿ, ವಿದ್ಯುತ್ತು ಮುಂತಾದ ರಿಪೇರಿಗಳನ್ನು ವರ್ಷಕ್ಕೆ ಹಂಚಿದರೆ 18,000. ಎರಡು ವರ್ಷಕ್ಕೊಮ್ಮೆ ಹೊಸ ಬಾಡಿಗೆದಾರರನ್ನು ತಂದ ಮಧ್ಯವರ್ತಿಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ವರ್ಷಕ್ಕೆ 10,000. ಒಟ್ಟು 54,000. ಕೈಯಲ್ಲಿ ಉಳಿಯುವುದು 1,86,000. 65 ಲಕ್ಷಕ್ಕೆ ಇದು ನೂರಕ್ಕೆ 2.86 ಮಾತ್ರ. ಆದಾಯ ತೆರಿಗೆ ಇನ್ನೂ ಬಾಕಿ. ಬಾಡಿಗೆಯಲ್ಲಿ ಕಂದಾಯವನ್ನು ಕಳೆದು ಉಳಿದುದರಲ್ಲಿ ನೂರಕ್ಕೆ 30ರಷ್ಟನ್ನು ಶಾಸನವು ಬಿಟ್ಟುಕೊಡುತ್ತದೆ, ಸಾಲದ ಬಡ್ಡಿಯನ್ನೂ ಕಳೆಯಗೊಡುತ್ತದೆ. ಆದರೆ ತೆರಿಗೆಯ ರಿಯಾಯಿತಿಯು ಖರ್ಚಿನ ಒಂದು ಭಾಗವನ್ನು ಹಿಂದಕ್ಕೆ ಕೊಡುತ್ತದೆಯೇ ಹೊರತು ಖರ್ಚನ್ನು ಲಾಭವನ್ನಾಗಿ ಮಾರ್ಪಡಿಸುವುದಿಲ್ಲ.

ನೂರಕ್ಕೆ 4ಕ್ಕೂ 2.86ಕ್ಕೂ ಇರುವ ಅಂತರ ನೋಡಲು ಅಲ್ಪ. ಆದರೆ ಸಾಲ ಸೇರಿದಾಗ ಅದರ ಸ್ವರೂಪ ತಿಳಿಯುತ್ತದೆ. ಮೇಲಿನ ಗೃಹಸ್ಥನು 25 ಲಕ್ಷವನ್ನು ಕೈಯಿಂದ ಹಾಕಿ, 40 ಲಕ್ಷವನ್ನು ನೂರಕ್ಕೆ 8ರ ಬಡ್ಡಿಯಂತೆ 20 ವರ್ಷದ ಅವಧಿಗೆ ಬ್ಯಾಂಕಿನಿಂದ ಪಡೆದನೆನ್ನೋಣ. ತಿಂಗಳ ಕಂತು 33,458 ರೂಪಾಯಿ. ಬಾಡಿಗೆಯಿಂದ ನಿಜವಾಗಿ ಕೈಸೇರುವುದು ತಿಂಗಳಿಗೆ 15,500. ಉಳಿದ ಸುಮಾರು 18,000 ರೂಪಾಯಿ ಪ್ರತಿ ತಿಂಗಳೂ ಸಂಬಳದಿಂದ ಹೋಗಬೇಕು. ಸಾಲವನ್ನು ಬಾಡಿಗೆಯೇ ತೀರಿಸುವುದೆಂಬ ಮಾತು ಇಲ್ಲಿಗೆ ಅರ್ಧ ಮುರಿಯಿತು.

"ಬಾಡಿಗೆ ಏರುತ್ತ ಹೋಗುವುದು, ಕಂತು ಇದ್ದಂತೆಯೇ ಇರುವುದು" ಎಂದು ಕೆಲವರು ಹೇಳುವರು. ನ್ಯಾಯವಾದ ಮಾತು; ಅದನ್ನೂ ತೂಗೋಣ. ಬಾಡಿಗೆಯು ಒಂದು ವರ್ಷವೂ ತಪ್ಪದೆ ನೂರಕ್ಕೆ 5ರಂತೆ ಏರಿದರೆ, ಅದು ಕಂತನ್ನು ಮುಟ್ಟುವುದು 12ನೆಯ ವರ್ಷದಲ್ಲಿ. ಖರ್ಚುಗಳೂ ಅದೇ ಪ್ರಮಾಣದಲ್ಲಿ ಏರುವುದರಿಂದ, ಖರ್ಚು ಕಳೆದುಳಿದ ಬಾಡಿಗೆ ಕಂತನ್ನು ಮುಟ್ಟುವುದು 17ನೆಯ ವರ್ಷದಲ್ಲಿ. ಇಪ್ಪತ್ತು ವರ್ಷದ ಸಾಲದಲ್ಲಿ ಹದಿನಾರು ವರ್ಷ ಹೊರೆಯನ್ನು ಹೊರುವವನು ಮನೆಯ ಯಜಮಾನನೇ. ಬಾಡಿಗೆದಾರನು ಕೈಕೊಡುತ್ತಾನೆ, ಅಷ್ಟೆ. ಆ ಹದಿನಾರು ವರ್ಷಗಳು ಮಕ್ಕಳ ವಿದ್ಯಾಭ್ಯಾಸ, ಮದುವೆ, ವೃದ್ಧರ ಔಷಧೋಪಚಾರ ಇವೆಲ್ಲವೂ ಬರುವ ವರ್ಷಗಳೆಂಬುದನ್ನು ಮರೆಯಲಾಗದು.

ಹಾಗಾದರೆ ಇಂತಹ ಮನೆಯಿಂದ ಲಾಭ ಪಡೆದವರಿಲ್ಲವೆ? ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಲಾಭ ಬಂದುದು ಬಾಡಿಗೆಯಿಂದಲ್ಲ, ಬೆಲೆಯ ಏರಿಕೆಯಿಂದ. ನಮ್ಮ ಉದಾಹರಣೆಯಲ್ಲಿ ಮೊದಲನೆಯ ವರ್ಷದ ಬಡ್ಡಿ ಸುಮಾರು 3,17,000. ಸ್ವಂತದ 25 ಲಕ್ಷವನ್ನು ಬ್ಯಾಂಕಿನ ಠೇವಣಿಯಲ್ಲಿಟ್ಟಿದ್ದರೆ ನೂರಕ್ಕೆ ಆರೂವರೆಯಂತೆ ಬರಬಹುದಾಗಿದ್ದ ಬಡ್ಡಿ 1,62,500. ಇವೆರಡನ್ನೂ ಕೂಡಿಸಿ, ನಿಂತ ಬಾಡಿಗೆ 1,86,000ವನ್ನು ಕಳೆದರೆ, ಆ ಮನೆಯನ್ನು ಒಂದು ವರ್ಷ ಇಟ್ಟುಕೊಳ್ಳುವ ನಿಜವಾದ ವೆಚ್ಚ ಸುಮಾರು 2,93,000. ಅಂದರೆ 60 ಲಕ್ಷದ ಮನೆಯ ಬೆಲೆ ಆ ವರ್ಷ ನೂರಕ್ಕೆ ಸುಮಾರು 5ರಂತೆ ಏರಿದರೆ ಯಜಮಾನನು ಠೇವಣಿಯಿಟ್ಟು ಸುಮ್ಮನೆ ಕುಳಿತವನಿಗೆ ಸಮನಾಗುತ್ತಾನೆ. ನೋಂದಣಿ ಮೊದಲಾದುವಕ್ಕೆ ಕೊಟ್ಟ 5 ಲಕ್ಷ ಇದರ ಹೊರಗೆ. ಲಾಭವೆಂಬುದು ಈ ಗೆರೆಯನ್ನು ದಾಟಿದ ಮೇಲಿನ ಮಾತು.

ಈ ಲೆಕ್ಕದಿಂದ ತಿಳಿಯುವುದೇನು? ಸಾಲ ಮಾಡಿ ಬಾಡಿಗೆಯ ಮನೆಯನ್ನು ಕೊಳ್ಳುವವನು ಬಾಡಿಗೆಯ ವ್ಯಾಪಾರವನ್ನು ಮಾಡುತ್ತಿಲ್ಲ; ಆ ಬೀದಿಯ ನೆಲದ ಬೆಲೆ ಏರುವುದೆಂದು ಪಣ ಒಡ್ಡುತ್ತಿದ್ದಾನೆ. ಪಣ ಒಡ್ಡುವುದು ಪಾಪವೆಂದು ನಾವು ಹೇಳುವುದಿಲ್ಲ. ಒಡ್ಡುತ್ತಿದ್ದೇವೆಂಬುದನ್ನು ತಿಳಿಯದೆ ಒಡ್ಡುವುದು ಮಾತ್ರ ವಿವೇಕವಲ್ಲ. ಸಾಲವು ಲಾಭವನ್ನು ಹಿಗ್ಗಿಸುವಂತೆ ನಷ್ಟವನ್ನೂ ಹಿಗ್ಗಿಸುತ್ತದೆ. ಮನೆಯ ಬೆಲೆ ನೂರಕ್ಕೆ 10 ಏರಿದರೆ 6 ಲಕ್ಷ. ಸ್ವಂತದ 25 ಲಕ್ಷಕ್ಕೆ ಅದು ನೂರಕ್ಕೆ 24. ಅಷ್ಟೇ ಇಳಿದರೆ ಹೋಗುವುದೂ ನೂರಕ್ಕೆ 24. ಆದರೆ ಬ್ಯಾಂಕಿನ ಕಂತು ಒಂದು ರೂಪಾಯಿಯೂ ಇಳಿಯದು. ಸಾಲ ಕೊಡುವವರೂ ಇದನ್ನು ಬಲ್ಲರು. ಆದುದರಿಂದಲೇ ರಿಸರ್ವ್ ಬ್ಯಾಂಕು 30 ಲಕ್ಷದವರೆಗಿನ ಗೃಹಸಾಲಕ್ಕೆ ಬೆಲೆಯ ನೂರಕ್ಕೆ 90, 75 ಲಕ್ಷದವರೆಗೆ 80, ಅದಕ್ಕೂ ಮೇಲ್ಪಟ್ಟರೆ 75 ಎಂದು ಮಿತಿಯನ್ನು ಇಟ್ಟಿದೆ. ಅದು ಬ್ಯಾಂಕಿನ ರಕ್ಷಣೆಗಾಗಿ ಇಟ್ಟ ಮಿತಿ. ನಮ್ಮ ರಕ್ಷಣೆಯ ಮಿತಿಯನ್ನು ನಾವೇ ಇಟ್ಟುಕೊಳ್ಳಬೇಕು.

ಇನ್ನು ಅಪಾಯಗಳ ವಿಚಾರ. ಮೊದಲನೆಯದು ಬಡ್ಡಿಯ ದರ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಏರಿಳಿಯುವ ದರದ ಹೊಸ ಗೃಹಸಾಲಗಳನ್ನು ಹೊರಗಿನ ಒಂದು ಮಾನದಂಡಕ್ಕೆ, ಸಾಮಾನ್ಯವಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ, ಕಟ್ಟಬೇಕಾಯಿತು. 2020ರ ಮೇ ತಿಂಗಳಿನಲ್ಲಿ ಆ ದರ ನೂರಕ್ಕೆ 4ಕ್ಕೆ ಇಳಿಯಿತು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ 6.5ಕ್ಕೆ ಏರಿತು, 2025ರಲ್ಲಿ ಪುನಃ ಇಳಿಯತೊಡಗಿತು. 40 ಲಕ್ಷವನ್ನು ನೂರಕ್ಕೆ 7ರಂತೆ 20 ವರ್ಷಕ್ಕೆ ಪಡೆದವನ ಕಂತು 31,012. ಅಸಲು ಇನ್ನೂ ಕರಗದಿರುವಾಗಲೇ ದರವು 9.5 ಆಯಿತೆಂದರೆ ಒಂದು ತಿಂಗಳ ಬಡ್ಡಿಯೇ 31,667. ಹಳೆಯ ಕಂತು ಬಡ್ಡಿಗೂ ಸಾಲದು. ವರ್ಷಗಟ್ಟಲೆ ಕಟ್ಟಿದರೂ ಸಾಲವು ಕರಗುವ ಬದಲು ಬೆಳೆಯುತ್ತಲೇ ಇರುತ್ತದೆ. ಕಂತನ್ನು ಹೆಚ್ಚಿಸಬೇಕು, ಇಲ್ಲವೆ ಒಂದಿಷ್ಟು ಅಸಲನ್ನು ಒಟ್ಟಿಗೆ ಕಟ್ಟಬೇಕು. ಬಡ್ಡಿ ಏರಿತೆಂದು ಬಾಡಿಗೆದಾರನ ಬಳಿ ಹೋಗಿ ಕೇಳುವಂತಿಲ್ಲ. ಅವನು ಕೊಡುವುದು ಆ ಬೀದಿಯ ಬಾಡಿಗೆಯನ್ನು, ನಮ್ಮ ಸಾಲದ ಬಡ್ಡಿಯನ್ನಲ್ಲ.

ಎರಡನೆಯದು ಮನೆ ಖಾಲಿ ಬೀಳುವ ಅಪಾಯ. 2020ರಲ್ಲಿ ಕೊರೋನಾ ವ್ಯಾಧಿ ಹರಡಿದಾಗ ಬೆಂಗಳೂರಿನ ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆಗಳಲ್ಲಿ ನೌಕರರು ಊರಿಂದಲೇ ಕೆಲಸ ಮಾಡತೊಡಗಿ, ಮನೆಗಳನ್ನು ಬಿಟ್ಟು ಹೊರಟರು. ಗೇಟುಗೇಟಿಗೂ "ಬಾಡಿಗೆಗೆ ಇದೆ" ಎಂಬ ಹಲಗೆ ತೂಗಿತು. ಎರಡು ವರ್ಷ ಕಳೆದು ಕಚೇರಿಗಳು ಅವರನ್ನು ಹಿಂದಕ್ಕೆ ಕರೆದಾಗ, ಅದೇ ಬೀದಿಗಳಲ್ಲಿ ಒಂದು ಮನೆಗೆ ಹತ್ತು ಜನ ನಿಂತರು. ಬಾಡಿಗೆಗಳು ಎದ್ದುಬಿದ್ದು ಏರಿದುವು. ಎರಡನೆಯ ದೃಶ್ಯವನ್ನು ಕಂಡವರೆಲ್ಲ ಮನೆ ಕೊಳ್ಳಲು ಹೊರಟರು. ಮೊದಲನೆಯ ದೃಶ್ಯವನ್ನು ಯಾರೂ ನೆನೆಯಲಿಲ್ಲ. ಇಲ್ಲಿ ಇನ್ನೊಂದು ಗಂಟೂ ಉಂಟು. ಮನೆಯ ಯಜಮಾನನೂ ಬಾಡಿಗೆದಾರನೂ ಒಂದೇ ಉದ್ಯಮದಲ್ಲಿ ನೌಕರರಾಗಿದ್ದರೆ, ಆ ಉದ್ಯಮಕ್ಕೆ ಕೆಟ್ಟ ಕಾಲ ಬಂದಾಗ ಬಾಡಿಗೆಯೂ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ, ಮಾರಲು ಹೊರಟರೆ ಬೆಲೆಯೂ ಬಿದ್ದಿರುತ್ತದೆ. ಮೂರು ಕಂಬಗಳು ಬೇರೆಬೇರೆಯೆಂದು ನಂಬಿದ್ದವನಿಗೆ ಅವು ಒಂದೇ ಅಡಿಪಾಯದ ಮೇಲೆ ನಿಂತಿದ್ದುವೆಂಬುದು ಆಗ ತಿಳಿಯುತ್ತದೆ.

ಮೂರನೆಯದು ನೆಲ ಜಲಗಳ ಅಪಾಯ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರುಗಳ ಸುತ್ತಿನ ಬೆಲೆಬಾಳುವ ಬಡಾವಣೆಗಳಿಗೆ ನೀರು ನುಗ್ಗಿತು. 2024ರ ಬೇಸಿಗೆಯಲ್ಲಿ ನಗರದ ಹೊರವಲಯದ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗಾಗಿ ಜನ ಕಾದರು. ಮನೆ ಕೊಳ್ಳುವವನು ಅಮೃತಶಿಲೆಯ ನೆಲವನ್ನು ನೋಡುವುದಕ್ಕೆ ಮೊದಲು ಕೆರೆಯ ಕೋಡಿ ಯಾವ ಕಡೆಗೆ ಹರಿಯುತ್ತಿತ್ತೆಂಬುದನ್ನೂ, ಕಾವೇರಿಯ ನೀರು ಆ ಬೀದಿಗೆ ಬಂದಿದೆಯೆ ಎಂಬುದನ್ನೂ ವಿಚಾರಿಸುವುದು ಲೇಸು. ಕಾಗದಪತ್ರಗಳ ಮಾತೂ ಇದೇ. ಕ್ರಯಪತ್ರ, ಋಣಭಾರ ಪತ್ರ, ಖಾತೆ, ಮಂಜೂರಾದ ನಕ್ಷೆ, ವಾಸಕ್ಕೆ ಯೋಗ್ಯವೆಂದು ನಗರಾಡಳಿತ ಕೊಟ್ಟ ಪತ್ರ ಇವುಗಳಲ್ಲಿ ಒಂದು ಕಡಿಮೆಯಾದರೂ, ಅಗ್ಗವೆಂದು ಕಂಡ ಬೆಲೆಯು ಆ ಕೊರತೆಯ ಬೆಲೆಯೇ ಆಗಿರುತ್ತದೆ.

ನಮ್ಮ ಪಟ್ಟಣಗಳಿಗೆ ವಿಶಿಷ್ಟವಾದ ಇನ್ನೊಂದು ವ್ಯವಹಾರವಿದೆ, ಅದೇ ಭೋಗ್ಯ. ತಿಂಗಳ ಬಾಡಿಗೆಯ ಬದಲು ಎರಡು ಮೂರು ವರ್ಷಕ್ಕೆ ಒಂದು ದೊಡ್ಡ ಮೊತ್ತವನ್ನು ಯಜಮಾನನು ಪಡೆದು, ಅವಧಿ ತೀರಿದಾಗ ಬಡ್ಡಿಯಿಲ್ಲದೆ ಹಿಂದಿರುಗಿಸುವನು. ಬಡ್ಡಿಯಿಲ್ಲದ ಹಣವೆಂದು ಇದನ್ನು ಹೊಗಳುವುದುಂಟು. ಆದರೆ 20,000 ರೂಪಾಯಿ ಬಾಡಿಗೆಯ ಮನೆಯನ್ನು 30 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟವನು ವರ್ಷಕ್ಕೆ 2,40,000 ರೂಪಾಯಿಗಳ ಬಾಡಿಗೆಯನ್ನು ಬಿಟ್ಟುಕೊಟ್ಟಿದ್ದಾನೆ. ಅದು ನೂರಕ್ಕೆ 8ರ ಬಡ್ಡಿಯ ಸಾಲವೇ. ಭೇದವಿಷ್ಟೆ: ಬ್ಯಾಂಕಿನ ಸಾಲ ಕಂತಿನಲ್ಲಿ ಕರಗುತ್ತದೆ, ಭೋಗ್ಯದ ಸಾಲ ಒಂದೇ ದಿನ ಪೂರ್ತಿಯಾಗಿ ಬಾಗಿಲಿಗೆ ಬರುತ್ತದೆ. ಆ ಹಣವನ್ನು ಆಗಲೇ ಇನ್ನೊಂದು ಮನೆಗೆ ಹಾಕಿದ್ದವನು ಮತ್ತೊಬ್ಬ ಭೋಗ್ಯದಾರನನ್ನು ಹುಡುಕಬೇಕು. ಸಿಕ್ಕದಿದ್ದರೆ ಮಾನವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ಹಣ ಕೊಟ್ಟವನ ಸ್ಥಿತಿ ಇನ್ನೂ ಕಷ್ಟ. ಅದೇ ಮನೆ ಬ್ಯಾಂಕಿಗೆ ಅಡವಾಗಿದ್ದು, ಯಜಮಾನನು ಕಂತು ತಪ್ಪಿಸಿದರೆ, 2002ರ ಶಾಸನದ ಮೇರೆಗೆ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬಹುದು. ಆಗ ಒಂದು ಸಂಸಾರದ ಜೀವಮಾನದ ಉಳಿತಾಯ ಬೀದಿಗೆ ಬರುತ್ತದೆ. ನೂರು ರೂಪಾಯಿಗೆ ಕಡಮೆಯಿಲ್ಲದ ಅಸಲಿನ ಭೋಗ್ಯ ಅಡಮಾನವು ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 1882ರ ಸ್ವತ್ತು ವರ್ಗಾವಣೆಯ ಶಾಸನ ಹೇಳುತ್ತದೆ. ಆದರೂ ಲಕ್ಷಗಟ್ಟಲೆ ಹಣ ಬರಿಯ ಛಾಪಾಕಾಗದದ ಮೇಲೆ ಕೈಬದಲಾಗುತ್ತಿರುವುದು ಶೋಚನೀಯ.

ಇಷ್ಟು ಹೇಳಿದ ಮೇಲೆ ಬಾಡಿಗೆಯ ಮನೆಯೇ ಬೇಡವೆಂದು ನಮ್ಮ ಅಭಿಪ್ರಾಯವೆ? ಅಲ್ಲ. ಠೇವಣಿಯ ಬಡ್ಡಿಯನ್ನು ಬೆಲೆಯೇರಿಕೆ ಒಳಗೊಳಗೇ ತಿನ್ನುತ್ತದೆ. ಬಾಡಿಗೆಯಾದರೋ ಬೆಲೆಗಳ ಜತೆಯಲ್ಲಿ ನಡೆಯುತ್ತದೆ. ಸಾಲವಿಲ್ಲದ ಒಂದು ಚಿಕ್ಕ ಮನೆಯ ಬಾಡಿಗೆ ವಿಧವೆಯಾದ ತಾಯಿಗೆ, ಪಿಂಚಣಿಯಿಲ್ಲದ ನಿವೃತ್ತರಿಗೆ, ಕಡೆಗಾಲದವರೆಗೂ ಆಧಾರವಾದುದನ್ನು ನಾವು ಬೀದಿಬೀದಿಯಲ್ಲಿ ಕಂಡಿದ್ದೇವೆ. ಕೈಯಲ್ಲಿ ಹಣ ನಿಲ್ಲದವನಿಗೆ ಕಂತೆಂಬುದು ಬಲವಂತದ ಉಳಿತಾಯವೂ ಹೌದು. ಆದುದರಿಂದ ಬೇಡವೆನ್ನುವುದಕ್ಕಿಂತ, ಹೀಗೆ ಪರೀಕ್ಷಿಸಿ ಎನ್ನುವುದು ಉಚಿತ. ಬಾಡಿಗೆ ಒಂದು ಕಾಸೂ ಬಾರದೆ ಆರು ತಿಂಗಳು ಕಳೆದರೆ ಕಂತು ಕಟ್ಟುವ ಶಕ್ತಿ ಇದೆಯೆ? ಬಡ್ಡಿ ನೂರಕ್ಕೆ ಎರಡು ಏರಿದರೆ ಮನೆಯ ಖರ್ಚು ನಡೆಯುವುದೆ? ಬೆಲೆ ಹತ್ತು ವರ್ಷ ಏರದೆ ನಿಂತರೂ ಮಾರಬೇಕಾದ ಒತ್ತಾಯ ಬಾರದೆ? ಈ ಮೂರು ಪ್ರಶ್ನೆಗಳಿಗೂ ಧೈರ್ಯವಾಗಿ ಉತ್ತರ ಹೇಳಬಲ್ಲವನು ಕೊಳ್ಳಲಿ. ಒಂದಕ್ಕೆ ಉತ್ತರ ತಡವರಿಸಿದರೂ ಚಿಕ್ಕ ಮನೆಯನ್ನು ನೋಡಲಿ, ಇಲ್ಲವೆ ಇನ್ನೆರಡು ವರ್ಷ ಕೂಡಿಡಲಿ. ನಿವೃತ್ತಿಯ ಹಣವಾದರಂತೂ ಅದರ ಪೂರ್ತಿಯನ್ನು ಒಂದೇ ಗೋಡೆಗೆ ಮೆತ್ತತಕ್ಕದ್ದಲ್ಲ. ಔಷಧಕ್ಕೆ ಹಣ ಬೇಕಾದ ದಿನ ಅಡಿಗೆಮನೆಯನ್ನು ಮಾತ್ರ ಬೇರೆಯಾಗಿ ಮಾರಲಾಗುವುದಿಲ್ಲ.

ಕೊನೆಯದಾಗಿ ಬಾಡಿಗೆದಾರರ ಮಾತು. ಇಷ್ಟು ಹೊತ್ತೂ ಅವರನ್ನು ಅಂಕಿಯಾಗಿ ಎಣಿಸಿದೆವು; ಆದರೆ ಈ ಬಂಡವಾಳವನ್ನು ಬದುಕಿಸುವವರು ಅವರೇ. ಬಾಡಿಗೆಯನ್ನು ತಿಂಗಳಿಗೆ 1,500 ಏರಿಸಬೇಕೆಂದು ಹಟಮಾಡಿ, ಹೊತ್ತಿಗೆ ಸರಿಯಾಗಿ ಹಣ ಕೊಡುವ, ಮನೆಯನ್ನು ಚೊಕ್ಕಟವಾಗಿಟ್ಟ ಒಂದು ಸಂಸಾರವನ್ನು ಕಳೆದುಕೊಂಡ ಯಜಮಾನನ ಲೆಕ್ಕವನ್ನು ನೋಡಿ. ಒಂದು ತಿಂಗಳು ಮನೆ ಖಾಲಿ, 20,000, ಮಧ್ಯವರ್ತಿಗೆ 20,000, ಸುಣ್ಣಬಣ್ಣಕ್ಕೆ 15,000, ಒಟ್ಟು 55,000. ಏರಿಸಿದ ಬಾಡಿಗೆಯಿಂದ ವರ್ಷಕ್ಕೆ ಬರುವುದು 18,000. ಕಳೆದುದನ್ನು ಕೂಡಿಸಿಕೊಳ್ಳಲು ಮೂರು ವರ್ಷಕ್ಕೂ ಮೇಲೆ ಬೇಕು. 1961ರ ಬಾಡಿಗೆ ನಿಯಂತ್ರಣ ಶಾಸನದ ಕಾಲದಿಂದಲೂ ಯಜಮಾನರಿಗೂ ಬಾಡಿಗೆದಾರರಿಗೂ ನ್ಯಾಯಾಲಯಗಳಲ್ಲಿ ಎಷ್ಟೋ ವ್ಯಾಜ್ಯಗಳು ನಡೆದಿವೆ. 2001ರ ಕೊನೆಯ ದಿನ ಹೊಸ ಶಾಸನ ಜಾರಿಗೆ ಬಂದಿತು. ನೋಂದಣಿಯ ಗೊಡವೆ ಬೇಡವೆಂದು ಹನ್ನೊಂದು ತಿಂಗಳ ಕರಾರು ಬರೆಯುವ ರೂಢಿ ಈಗಲೂ ಇದೆ. ಶಾಸನಗಳು ಬೇಕು, ಕರಾರೂ ಬೇಕು. ಆದರೆ ಸೋರುವ ತಾರಸಿಯನ್ನು ಹೇಳಿದ ವಾರದಲ್ಲಿಯೇ ರಿಪೇರಿ ಮಾಡಿಸುವ ಯಜಮಾನ, ಕೆಟ್ಟ ತಿಂಗಳಿನಲ್ಲಿ ಮುಂಚಿತವಾಗಿ ಬಂದು ಹೇಳುವ ಬಾಡಿಗೆದಾರ, ಇವರಿಬ್ಬರ ನಡುವಣ ವಿಶ್ವಾಸದಷ್ಟು ಅಗ್ಗವಾದ ವಿಮೆ ಇನ್ನೊಂದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆಗೆಂದು ಮನೆ ಕೊಳ್ಳುವವರಿಗೆ ನಮ್ಮ ಸೂಚನೆ ಇಷ್ಟೆ: ನೋಡುವುದನ್ನು ಕೊಳ್ಳುವುದಕ್ಕೆ ಮೊದಲೇ ಮಾಡಿ. ಒಂದು ಹಾಳೆ, ಒಂದು ಸೀಸದಕಡ್ಡಿ, ಒಂದು ಸಂಜೆಯ ಬಿಡುವು, ಜತೆಯಲ್ಲಿ ಕುಳಿತು ಪ್ರಶ್ನೆ ಕೇಳುವ ಮನೆಯಾಕೆ ಇದ್ದರೆ ಸಾಕು. ಇಪ್ಪತ್ತು ವರ್ಷದ ಹೊರೆಯನ್ನು ಹೊರಬೇಕಾದವರು ಇಬ್ಬರೂ. ಅದರ ತೂಕವನ್ನು ಇಬ್ಬರೂ ಅರಿತಿರುವುದು ನ್ಯಾಯ.